ಇದಕ್ಕಿಂತ ಕಮ್ಮಿಗೆ ಮಾರಬೇಡಿ

ಮೂರು ಲೀಟರಿನ ಪ್ಲಾಸ್ಟಿಕ್ ಬಾಟಲಿ. ಒಳಗಿರುವುದು ಸೇಬಿನ ರಸ ಹುಳಿಸಿ ಮಾಡಿದ ಸೈಡರ್. ಅದರಲ್ಲಿ ಸೇಬೆಷ್ಟು, ಸಕ್ಕರೆ ಪಾಕವೆಷ್ಟು ಎಂದು ಅದನ್ನು ಕೊಳ್ಳುವವರು ಕೇಳುತ್ತಿರಲಿಲ್ಲ. ಅವರಿಗೆ ಬೇಕಿದ್ದದ್ದು ಅದರಲ್ಲಿನ ಶೇ 7.5ರಷ್ಟು ಮದ್ಯಸಾರ. 2018ರ ಏಪ್ರಿಲ್ 30ರ ರಾತ್ರಿಯವರೆಗೆ ಸ್ಕಾಟ್ಲೆಂಡಿನ ಅಂಗಡಿಗಳಲ್ಲಿ ಇಂಥದೊಂದು ಬಾಟಲಿ ನಾಲ್ಕು ಪೌಂಡಿನ ಆಸುಪಾಸಿನಲ್ಲಿ ಸಿಗುತ್ತಿತ್ತು. ಮರುದಿನ ಬೆಳಿಗ್ಗೆ ಅದೇ ಬಾಟಲಿಯನ್ನು 11 ಪೌಂಡ್ 25 ಪೆನ್ಸ್‌ಗಿಂತ ಕಡಿಮೆಗೆ ಮಾರುವುದು ಅಪರಾಧವಾಯಿತು. ಸರ್ಕಾರ ತೆರಿಗೆಯನ್ನು ಒಂದು ಪೆನ್ನಿಯಷ್ಟೂ ಏರಿಸಿರಲಿಲ್ಲ. ಇಷ್ಟಕ್ಕಿಂತ ಅಗ್ಗವಾಗಿ ಮದ್ಯ ಮಾರಬೇಡಿ ಎಂದಷ್ಟೇ ಹೇಳಿತ್ತು.

ನಮಗೆ ಈ ಮಾತು ವಿಚಿತ್ರವಾಗಿ ಕೇಳಿಸುತ್ತದೆ. ನಮ್ಮಲ್ಲಿ ಬಾಟಲಿಯ ಮೇಲೆ ಅಚ್ಚಾಗುವುದು ಗರಿಷ್ಠ ಮಾರಾಟ ಬೆಲೆ. ಅದಕ್ಕಿಂತ ಹತ್ತು ರೂಪಾಯಿ ಹೆಚ್ಚು ಕಿತ್ತುಕೊಂಡರೆ ಜಗಳ. ಕಡಿಮೆಗೆ ಕೊಡುತ್ತೇನೆ ಎಂದವನನ್ನು ಹಿಡಿದು ದಂಡ ಹಾಕುವುದೆಂದರೇನು? ಸ್ಕಾಟ್ಲೆಂಡಿನಲ್ಲೂ ಬಹಳ ಜನ ಇದನ್ನೇ ಕೇಳಿದರು. ಅಲ್ಲಿನ ಸಂಸತ್ತು ಕಾನೂನನ್ನು ಅಂಗೀಕರಿಸಿದ್ದು 2012ರಲ್ಲಿ. ಜಾರಿಗೆ ಬಂದದ್ದು ಆರು ವರ್ಷಗಳ ನಂತರ. ನಡುವಿನ ಕಾಲವೆಲ್ಲ ಕೋರ್ಟು ಮೆಟ್ಟಿಲಿನಲ್ಲೇ ಕಳೆಯಿತು.

ಲೆಕ್ಕ ಕಷ್ಟದ್ದೇನಲ್ಲ. ಬ್ರಿಟನ್ನಿನಲ್ಲಿ 10 ಮಿಲಿಲೀಟರ್ ಶುದ್ಧ ಮದ್ಯಸಾರಕ್ಕೆ ಒಂದು ಯೂನಿಟ್ ಎನ್ನುತ್ತಾರೆ. ಬಾಟಲಿಯ ಗಾತ್ರವನ್ನು ಲೀಟರಿನಲ್ಲಿ ಹಿಡಿದು, ಮದ್ಯಸಾರದ ಶೇಕಡಾವಾರಿನಿಂದ ಗುಣಿಸಿದರೆ ಯೂನಿಟ್ಟುಗಳು ಸಿಗುತ್ತವೆ. ಆ ಸೈಡರಿನಲ್ಲಿ 22.5 ಯೂನಿಟ್. 700 ಮಿಲಿಲೀಟರಿನ ಶೇ 40ರ ವಿಸ್ಕಿಯಲ್ಲಿ 28. ಯೂನಿಟ್ಟಿಗೆ ಕನಿಷ್ಠ 50 ಪೆನ್ಸ್ ಎಂಬುದು 2018ರ ನಿಯಮ. ಹಾಗಾಗಿ ಆಗ ವಿಸ್ಕಿ 14 ಪೌಂಡಿಗಿಂತ ಕೆಳಗಿಳಿಯುವಂತಿರಲಿಲ್ಲ. ಶೇ 4ರ ಅರ್ಧ ಲೀಟರ್ ಬಿಯರ್ ಕ್ಯಾನು ಒಂದು ಪೌಂಡಿಗಿಂತ ಕಡಿಮೆಗೆ ಸಿಗುವಂತಿರಲಿಲ್ಲ. ಬ್ರಾಂಡು ಯಾವುದು, ಬಣ್ಣ ಯಾವುದು, ಪೀಪಾಯಿಯಲ್ಲಿ ಎಷ್ಟು ವರ್ಷ ಇತ್ತು ಎಂಬುದನ್ನು ಈ ಕಾನೂನು ನೋಡುವುದೇ ಇಲ್ಲ. ಒಳಗೆ ಮದ್ಯಸಾರ ಎಷ್ಟಿದೆ ಎಂಬುದೊಂದೇ ಅದಕ್ಕೆ ಮುಖ್ಯ.

ಪಬ್ಬಿನಲ್ಲಿ ಕೂತು ಒಂದು ಪೈಂಟ್ ಬಿಯರ್ ಹೀರುವವನಿಗೆ ಇದರಿಂದ ಏನೂ ಆಗಲಿಲ್ಲ. ಪೈಂಟಿನ ಕನಿಷ್ಠ ಬೆಲೆ ಲೆಕ್ಕ ಹಾಕಿದರೆ 1 ಪೌಂಡ್ 14 ಪೆನ್ಸ್ ಆಗುತ್ತಿತ್ತು. ಪಬ್ಬುಗಳು ಅದರ ಎಷ್ಟೋ ಪಟ್ಟು ವಸೂಲು ಮಾಡುತ್ತಿದ್ದವು. ಒಳ್ಳೆಯ ವಿಸ್ಕಿ ಕೊಳ್ಳುವವರಿಗೂ ಏನೂ ಆಗಲಿಲ್ಲ. ಪೆಟ್ಟು ಬಿದ್ದದ್ದು ಸೂಪರ್‌ಮಾರ್ಕೆಟ್ಟಿನ ಕೆಳಗಿನ ಕಪಾಟಿಗೆ. ಸ್ಕಾಟ್ಲೆಂಡಿನಲ್ಲಿ ಮಾರಾಟವಾಗುವ ಮದ್ಯದ ಮುಕ್ಕಾಲು ಪಾಲು ಹೋಗುವುದು ಅಂಗಡಿಗಳಿಂದ ಮನೆಗೆ, ಪಬ್ಬುಗಳಿಂದಲ್ಲ. ಪಬ್ ಮಾಲೀಕರ ಸಂಘ ಈ ಕಾನೂನನ್ನು ಬೆಂಬಲಿಸಿದ್ದರ ಗುಟ್ಟು ಇದರಲ್ಲೇ ಇದೆ. ಸಾರ್ವಜನಿಕ ಆರೋಗ್ಯದ ಮೇಲೆ ಅವರಿಗೆ ದಿಢೀರನೆ ಪ್ರೀತಿ ಹುಟ್ಟಿತೆಂದು ನಂಬುವಷ್ಟು ಮುಗ್ಧರು ಯಾರೂ ಇರಲಾರರು.

ಒಂದು ತಮಾಷೆಯನ್ನೂ ಹೇಳಬೇಕು. ಸ್ಕಾಟ್ಲೆಂಡಿನಲ್ಲಿ ಬೀದಿ ಗಲಾಟೆಯ ಸುದ್ದಿ ಬಂದಾಗಲೆಲ್ಲ ಬಕ್‌ಫಾಸ್ಟ್ ಎಂಬ ಸಿಹಿ ವೈನಿನ ಹೆಸರು ಬರುತ್ತದೆ. ಇಂಗ್ಲೆಂಡಿನ ಡೆವನ್‌ನಲ್ಲಿರುವ ಕ್ರೈಸ್ತ ಸನ್ಯಾಸಿಗಳ ಮಠವೊಂದು ಅದರ ತವರು. ಮದ್ಯಸಾರ ಶೇ 15, ಜೊತೆಗೆ ಕೆಫೀನ್. ಕಾನೂನು ಬಂದಾಗ ಎಲ್ಲರ ಕಣ್ಣೂ ಅದರ ಮೇಲಿತ್ತು. ಆದರೆ ಅದರ ಕನಿಷ್ಠ ಬೆಲೆ 5 ಪೌಂಡ್ 63 ಪೆನ್ಸ್ ಎಂದಾಯಿತು, ಅಂಗಡಿಗಳು ಅದನ್ನು ಮೊದಲಿನಿಂದಲೂ ಅದಕ್ಕಿಂತ ಹೆಚ್ಚಿಗೇ ಮಾರುತ್ತಿದ್ದವು. ಹೆಸರು ಕೆಟ್ಟ ಬಾಟಲಿ ಪಾರಾಯಿತು, ಹೆಸರೇ ಇಲ್ಲದ ಬಾಟಲಿ ಸಿಕ್ಕಿಬಿತ್ತು.

ಸ್ಕಾಟ್ಲೆಂಡ್ ಈ ದಾರಿ ಹಿಡಿದದ್ದಕ್ಕೆ ಎರಡು ಕಾರಣಗಳು. ಮೊದಲನೆಯದು ಸಾವು. ಈ ಶತಮಾನದ ಆರಂಭದಲ್ಲಿ ಮದ್ಯದಿಂದಲೇ ಸಾಯುವವರ ಪ್ರಮಾಣ ಅಲ್ಲಿ ಇಂಗ್ಲೆಂಡಿನ ಸುಮಾರು ಎರಡು ಪಟ್ಟಿತ್ತು. ಹೆಚ್ಚಿನವರದು ಲಿವರ್ ಕಾಯಿಲೆ. ಬಡ ಬಡಾವಣೆಗಳ ಸಾವಿನ ಪ್ರಮಾಣ ಸ್ಥಿತಿವಂತರ ಬಡಾವಣೆಗಳ ನಾಲ್ಕು ಪಟ್ಟಿಗೂ ಮಿಗಿಲು. ಬಡವರು ಹೆಚ್ಚು ಕುಡಿಯುತ್ತಾರೆ ಎಂಬುದಲ್ಲ ಇದರ ಅರ್ಥ. ಅಷ್ಟೇ ಕುಡಿದರೂ ಬಡವರ ದೇಹ ಹೆಚ್ಚು ತೆರುತ್ತದೆ. ಊಟ, ಮನೆ, ಚಿಂತೆ, ಸಿಗರೇಟು ಎಲ್ಲವೂ ಸೇರಿಕೊಳ್ಳುತ್ತವೆ.

ಎರಡನೆಯ ಕಾರಣ ಅಧಿಕಾರದ ಗಡಿ. ಮದ್ಯದ ಮೇಲಿನ ಅಬಕಾರಿ ಸುಂಕ ನಿಗದಿ ಮಾಡುವುದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್, ಎಡಿನ್‌ಬರೊದ ಸ್ಕಾಟಿಷ್ ಸಂಸತ್ತು ಅಲ್ಲ. ಆ ಸುಂಕವೂ ಆಗ ಅಡ್ಡಾದಿಡ್ಡಿಯಾಗಿತ್ತು. ಸೈಡರಿಗೆ ಲೀಟರಿನ ಲೆಕ್ಕದಲ್ಲಿ ಸುಂಕ, ಶೇ 7.5ರವರೆಗೆ ಒಂದೇ ದರ. ಆ ಗೆರೆಯ ತುದಿಯವರೆಗೂ ಕಸುವು ಏರಿಸಿದರೆ ಒಂದು ಪೆನ್ನಿ ಹೆಚ್ಚು ಸುಂಕವಿಲ್ಲ. ಅಗ್ಗದ ಸೈಡರುಗಳೆಲ್ಲ ಸರಿಯಾಗಿ ಶೇ 7.5ಕ್ಕೆ ಬಂದು ನಿಂತದ್ದು ಸೇಬಿನ ಗುಣದಿಂದಲ್ಲ, ಖಜಾನೆಯ ನಿಯಮದಿಂದ. ಎಲ್ಲ ಬಗೆಯ ಮದ್ಯಕ್ಕೂ ಮದ್ಯಸಾರದ ಪ್ರಮಾಣಕ್ಕೆ ತಕ್ಕಂತೆ ಸುಂಕ ಎಂಬ ತತ್ವಕ್ಕೆ ಬ್ರಿಟನ್ ಬಂದದ್ದು 2023ರ ಆಗಸ್ಟ್‌ನಲ್ಲಿ. ಅದಕ್ಕೂ ಹನ್ನೊಂದು ವರ್ಷ ಮೊದಲೇ ಸ್ಕಾಟರು ತಮ್ಮ ಕೈಗೆ ಎಟುಕುವ ಒಂದೇ ಹತಾರವನ್ನು ಹಿಡಿದಿದ್ದರು.

ಎದುರು ನಿಂತದ್ದು ಸ್ಕಾಚ್ ವಿಸ್ಕಿ ಅಸೋಸಿಯೇಷನ್. ಮುಕ್ತ ವ್ಯಾಪಾರಕ್ಕೆ ಇದು ಅಡ್ಡಿ, ಐರೋಪ್ಯ ಒಕ್ಕೂಟದ ನಿಯಮಕ್ಕೆ ವಿರುದ್ಧ, ಬೇಕಿದ್ದರೆ ತೆರಿಗೆ ಹಾಕಿ ಎಂಬುದು ಅವರ ವಾದ. ಸಿಂಗಲ್ ಮಾಲ್ಟ್ ತಯಾರಕರಿಗೆ 14 ಪೌಂಡಿನ ಕನಿಷ್ಠ ಬೆಲೆಯಿಂದ ಏನು ನಷ್ಟ? ಅವರ ಭಯ ದೇಶದೊಳಗಿನದಲ್ಲ. ತವರಿನಲ್ಲೇ ಆರೋಗ್ಯದ ಹೆಸರಿನಲ್ಲಿ ಬೆಲೆಗೆ ಕೈ ಹಾಕಲು ಬಿಟ್ಟರೆ ನಾಳೆ ಹೊರದೇಶಗಳೂ ಅದೇ ಹೆಸರಿನಲ್ಲಿ ಅಡ್ಡಗೋಡೆ ಕಟ್ಟಿಯಾವು ಎಂಬ ಭಯ. ಈ ಹೊರದೇಶಗಳಲ್ಲಿ ನಾವೂ ಇದ್ದೇವೆ. ಬಾಟಲಿಗಳ ಎಣಿಕೆಯಲ್ಲಿ 2022ರಲ್ಲಿ ಫ್ರಾನ್ಸನ್ನು ಹಿಂದಿಕ್ಕಿ ಸ್ಕಾಚಿನ ಅತಿದೊಡ್ಡ ಮಾರುಕಟ್ಟೆಯಾದದ್ದು ಭಾರತ. ಇದೇ ಸಂಘ ನಮ್ಮ ಶೇ 150ರ ಆಮದು ಸುಂಕದ ವಿರುದ್ಧ ವರ್ಷಗಟ್ಟಲೆ ದನಿ ಎತ್ತಿತ್ತು. 2025ರ ಜುಲೈನಲ್ಲಿ ಸಹಿಯಾದ ಭಾರತ–ಬ್ರಿಟನ್ ಒಪ್ಪಂದದಲ್ಲಿ ಅದು ಮೊದಲು ಶೇ 75ಕ್ಕೆ, ಹತ್ತು ವರ್ಷಗಳಲ್ಲಿ ಶೇ 40ಕ್ಕೆ ಇಳಿಯುವುದು ನಿಶ್ಚಯವಾಯಿತು.

ಎಡಿನ್‌ಬರೊದಿಂದ ಲಕ್ಸೆಂಬರ್ಗಿನ ಐರೋಪ್ಯ ನ್ಯಾಯಾಲಯಕ್ಕೆ ಹೋಗಿ, ಮತ್ತೆ ಎಡಿನ್‌ಬರೊಕ್ಕೆ ಬಂದು, ಕೊನೆಗೆ ಲಂಡನ್ನಿನ ಸುಪ್ರೀಂ ಕೋರ್ಟಿಗೆ ಹೋದ ಮೊಕದ್ದಮೆ 2017ರ ನವೆಂಬರ್ 15ರಂದು ಮುಗಿಯಿತು. ಏಳು ನ್ಯಾಯಮೂರ್ತಿಗಳದು ಒಮ್ಮತದ ತೀರ್ಪು. ತೆರಿಗೆ ಸಾಕಾಗದೇ ಎಂಬ ಪ್ರಶ್ನೆಗೆ ತೀರ್ಪು ಕೊಟ್ಟ ಉತ್ತರ ನನಗೆ ಸರಿ ಎನಿಸುತ್ತದೆ. ತೆರಿಗೆ ಎಲ್ಲ ಬಾಟಲಿಗಳ ಮೇಲೂ ಬೀಳುತ್ತದೆ, ಮಿತವಾಗಿ ಕುಡಿಯುವವರ ಮೇಲೂ ಬೀಳುತ್ತದೆ. ದೊಡ್ಡ ಅಂಗಡಿಗಳು ಗಿರಾಕಿಯನ್ನು ಒಳಗೆಳೆಯಲು ಆ ತೆರಿಗೆಯನ್ನು ತಾವೇ ನುಂಗಿಕೊಂಡು ಹಳೆಯ ದರಕ್ಕೇ ಮಾರಬಹುದು. ಕನಿಷ್ಠ ಬೆಲೆಯನ್ನು ಯಾರಿಂದಲೂ ನುಂಗಲು ಆಗದು.

ಹಾಗಾದರೆ ಫಲ ಸಿಕ್ಕಿತೇ? ಜಗಳ ಇರುವುದೇ ಇಲ್ಲಿ.

ಕಾನೂನು ಮಾಡುವಾಗಲೇ ಅದರ ಕತ್ತಿಗೊಂದು ಗಡುವು ಕಟ್ಟಿದ್ದರು. ಆರು ವರ್ಷದೊಳಗೆ ಪರಿಣಾಮವನ್ನು ಅಳೆದು ಸಂಸತ್ತು ಮತ್ತೆ ಮತ ಹಾಕದಿದ್ದರೆ ಕಾನೂನು ತಾನಾಗಿ ಸಾಯುತ್ತದೆ. ಇಂಥ ಷರತ್ತು ನಮ್ಮ ಯೋಜನೆಗಳಿಗೂ ಇದ್ದಿದ್ದರೆ ಎಂದು ಓದುವಾಗ ಅನಿಸದೆ ಇರಲಿಲ್ಲ. ಅಳೆಯುವ ಹೊಣೆ ಹೊತ್ತದ್ದು ಪಬ್ಲಿಕ್ ಹೆಲ್ತ್ ಸ್ಕಾಟ್ಲೆಂಡ್ ಸಂಸ್ಥೆ. ಅದರ ಅಂತಿಮ ವರದಿ ಬಂದದ್ದು 2023ರ ಜೂನ್‌ನಲ್ಲಿ. ಮದ್ಯದ ಒಟ್ಟು ಮಾರಾಟ ಸುಮಾರು ಶೇ 3ರಷ್ಟು ಇಳಿದಿತ್ತು. ಮದ್ಯವೊಂದೇ ಕಾರಣವಾದ ಸಾವುಗಳು, ಕಾನೂನು ಇಲ್ಲದಿದ್ದರೆ ಆಗಬಹುದಾಗಿದ್ದ ಸಂಖ್ಯೆಗಿಂತ ಶೇ 13.4ರಷ್ಟು ಕಡಿಮೆ, ವರ್ಷಕ್ಕೆ 156 ಜೀವ ಎಂಬ ಅಂದಾಜು. ಆಸ್ಪತ್ರೆ ದಾಖಲಾತಿ ಶೇ 4.1ರಷ್ಟು ಕಡಿಮೆ. ಇಳಿಕೆ ಹೆಚ್ಚಾಗಿ ಕಂಡದ್ದು ಬಡ ಬಡಾವಣೆಗಳಲ್ಲಿ, ಗಂಡಸರಲ್ಲಿ.

ಆದರೆ ಸಾವಿನ ನೇರ ಎಣಿಕೆ ನೋಡಿ. 2018ರಲ್ಲಿ 1,136. 2019ರಲ್ಲಿ 1,020ಕ್ಕೆ ಇಳಿಯಿತು. 2020ರಲ್ಲಿ 1,190. 2023ರಲ್ಲಿ 1,277, ಹದಿನೈದು ವರ್ಷಗಳಲ್ಲೇ ಅತಿ ಹೆಚ್ಚು. ಸಾವು ಹೆಚ್ಚಾಗಿದೆ, ನೀವು ಜೀವ ಉಳಿಸಿದೆವು ಎನ್ನುತ್ತೀರಿ, ಇದೇನು ಲೆಕ್ಕ ಎಂದು ವಿರೋಧಿಗಳು ಕೇಳಿದರೆ ತಪ್ಪೆನ್ನಲಾಗದು. ಕನ್ಸರ್ವೇಟಿವ್ ಪಕ್ಷದ ಸಂಸತ್ ಸದಸ್ಯ, ಸ್ವತಃ ವೈದ್ಯರಾದ ಸಂದೇಶ್ ಗುಲ್ಹಾನೆ ಹೀಗೆ ಪ್ರಶ್ನಿಸಿದವರಲ್ಲಿ ಪ್ರಮುಖರು.

ಉತ್ತರ ಇರುವುದು ಹೋಲಿಕೆಯಲ್ಲಿ. ಸಂಶೋಧಕರು ಸ್ಕಾಟ್ಲೆಂಡಿನ ಸಾವುಗಳನ್ನು ಅದರ ಹಿಂದಿನ ವರ್ಷಗಳ ಜೊತೆ ಮಾತ್ರವಲ್ಲ, ಇಂಥ ಕಾನೂನಿಲ್ಲದ ಇಂಗ್ಲೆಂಡಿನ ಜೊತೆಗೂ ಇಟ್ಟು ನೋಡಿದರು. ಕೋವಿಡ್ ಬಂದಾಗ ಎರಡೂ ಕಡೆ ಜನ ಮನೆಯೊಳಗೆ ಕೂತು ಕುಡಿದರು, ಎರಡೂ ಕಡೆ ಸಾವು ಏರಿತು, ಇಂಗ್ಲೆಂಡಿನಲ್ಲಿ ಹೆಚ್ಚು ಕಡಿದಾಗಿ ಏರಿತು. ಆ ಅಂತರವೇ ಉಳಿದ ಜೀವಗಳ ಲೆಕ್ಕ. 156 ಎಂಬ ಸಂಖ್ಯೆ ಸ್ಮಶಾನದಲ್ಲಿ ಎಣಿಸಿದ್ದಲ್ಲ, ಮಾದರಿ ಕಟ್ಟಿ ತೆಗೆದದ್ದು. ಮಂತ್ರಿಗಳು ಅದನ್ನು ಎಣಿಸಿದ ಸಂಖ್ಯೆಯ ಧಾಟಿಯಲ್ಲಿ ಹೇಳಿದ್ದು ತಪ್ಪು. ಆದರೆ ಅಂದಾಜು ಎಂದ ಮಾತ್ರಕ್ಕೆ ಸುಳ್ಳೂ ಅಲ್ಲ. ಬೆಲೆ ಏರಿದ ದಿನದಿಂದ ಅಗ್ಗದ ಸೈಡರ್ ಕಪಾಟಿನಿಂದ ಹೆಚ್ಚುಕಡಿಮೆ ಮಾಯವಾದದ್ದಕ್ಕೆ ಯಾವ ಮಾದರಿಯೂ ಬೇಡ, ಮಾರಾಟದ ಪುಸ್ತಕ ಸಾಕು.

ನನ್ನನ್ನು ಹೆಚ್ಚು ಕಾಡಿದ್ದು ವರದಿಯ ಇನ್ನೊಂದು ಭಾಗ. ಬೆಳಿಗ್ಗೆ ಎದ್ದೊಡನೆ ಕೈ ನಡುಗುವವರು, ಕುಡಿಯದಿದ್ದರೆ ಫಿಟ್ಸ್ ಬರಬಹುದಾದವರು, ಅಂದರೆ ಚಟ ಕಾಯಿಲೆಯಾಗಿ ಬಲಿತವರು. ಶೆಫೀಲ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇವರನ್ನು ಮಾತನಾಡಿಸಿದಾಗ ಕುಡಿತ ಇಳಿದದ್ದಕ್ಕೆ ಸ್ಪಷ್ಟ ಕುರುಹು ಸಿಗಲಿಲ್ಲ. ಸಿಕ್ಕಿದ್ದು ಹಣದ ಬಿಕ್ಕಟ್ಟು. ಕೆಲವರು ಊಟಕ್ಕೆ, ಕರೆಂಟ್ ಬಿಲ್ಲಿಗೆ ಇಟ್ಟ ಹಣದಿಂದ ಮದ್ಯ ಕೊಂಡಿದ್ದರು, ಕೆಲವರು ಸೈಡರ್ ಬಿಟ್ಟು ವೋಡ್ಕಾಕ್ಕೆ ಹೊರಳಿದ್ದರು. ಯೂನಿಟ್ಟಿನ ಲೆಕ್ಕದಲ್ಲಿ ಎರಡಕ್ಕೂ ಒಂದೇ ಬೆಲೆಯಾದ ಮೇಲೆ ನೀರು ಹೆಚ್ಚಿದ್ದನ್ನು ಯಾಕೆ ಹೊತ್ತುಕೊಂಡು ಬರಬೇಕು?

ಈ ಎರಡು ಫಲಿತಾಂಶಗಳು ಒಂದನ್ನೊಂದು ಸುಳ್ಳಾಗಿಸುವುದಿಲ್ಲ. ಕನಿಷ್ಠ ಬೆಲೆ ಕಾಪಾಡುವುದು ಇನ್ನೂ ಲಿವರ್ ಕೆಡಿಸಿಕೊಳ್ಳುತ್ತಿರುವವರನ್ನು, ವಾರಕ್ಕೆ ನಾಲ್ಕು ಬಾಟಲಿಯ ಬದಲು ಮೂರು ತರುವವರನ್ನು. ಅದಾಗಲೇ ಆಚೆ ದಡ ಸೇರಿದವರಿಗೆ ಅದು ದಂಡ ಮಾತ್ರ. ಅವರಿಗೆ ಬೇಕಾದದ್ದು ಚಿಕಿತ್ಸೆ, ಹಾಸಿಗೆ, ವೈದ್ಯರು. ಅದಕ್ಕೆ ಹಣ ಬೇಕು, ಆದರೆ ಈ ಕಾನೂನು ಹಣವನ್ನು ಕಳಿಸುವುದು ಬೇರೆ ಕಡೆಗೆ.

ಸೈಡರಿನ ಮೇಲೆ ಏರಿದ ಆ ಏಳು ಪೌಂಡು ಯಾರ ಜೇಬಿಗೆ ಹೋಯಿತು? ಮಾರಾಟ ತೆರಿಗೆಯ ಪಾಲು ಬಿಟ್ಟರೆ ಉಳಿದದ್ದು ಅಂಗಡಿಗೆ, ತಯಾರಕರಿಗೆ. ಕಡಿಮೆ ಬಾಟಲಿ ಮಾರಿ ಹೆಚ್ಚು ದುಡ್ಡು ಎಣಿಸುವ ಭಾಗ್ಯವನ್ನು ಕಾನೂನೇ ಅವರಿಗೆ ಕೊಟ್ಟಿತು. ಈ ಹಣವನ್ನು ಸುಂಕದ ರೂಪದಲ್ಲಿ ಹಿಂದಕ್ಕೆ ಪಡೆದು ಚಟ ಬಿಡಿಸುವ ಸೇವೆಗಳಿಗೆ ಕೊಡಿ ಎಂಬ ಬೇಡಿಕೆ ಹಲವು ವರ್ಷಗಳಿಂದ ಇದೆ. ಹೊಸ ಯೋಚನೆಯೂ ಅಲ್ಲ: ಮದ್ಯ, ತಂಬಾಕು ಎರಡನ್ನೂ ಮಾರುವ ದೊಡ್ಡ ಅಂಗಡಿಗಳ ಮೇಲೆ 2012ರಿಂದ 2015ರವರೆಗೆ ಅಂಥದೊಂದು ಹೆಚ್ಚುವರಿ ಕರ ಸ್ಕಾಟ್ಲೆಂಡಿನಲ್ಲಿ ಇತ್ತು. 2024ರ ಏಪ್ರಿಲ್‌ನಲ್ಲಿ ಸಂಸತ್ತು ಕಾನೂನನ್ನು ಮುಂದುವರಿಸಿ, ಸೆಪ್ಟೆಂಬರ್ 30ರಿಂದ ದರವನ್ನು 65 ಪೆನ್ಸ್‌ಗೆ ಏರಿಸಲು ಒಪ್ಪಿತು. ಕರ ಮಾತ್ರ ಮತ್ತೆ ಬರಲಿಲ್ಲ. ನನ್ನ ಮಟ್ಟಿಗೆ ಈ ಕಾನೂನಿನ ದೊಡ್ಡ ಕುಂದು ಇದೇ. ಉಳಿದ ಆಕ್ಷೇಪಗಳಿಗೆಲ್ಲ ಸಮಾಧಾನ ಹೇಳಬಹುದು.

65 ಪೆನ್ಸ್ ಎಂದರೆ ವಿಸ್ಕಿ ಬಾಟಲಿ 18 ಪೌಂಡ್ 20 ಪೆನ್ಸ್. ಏರಿಕೆ ಎನಿಸಿದರೂ ಇದು ಹೆಚ್ಚುಕಡಿಮೆ ಹಳೆಯ ಬೆಲೆಯೇ. ಆರು ವರ್ಷಗಳ ಹಣದುಬ್ಬರ 50 ಪೆನ್ಸನ್ನು ಒಳಗಿನಿಂದ ಸವೆಸಿಬಿಟ್ಟಿತ್ತು.

ಬೇರೆಡೆಯ ಕಥೆಗಳು ಚಿಕ್ಕವು. ಡೇವಿಡ್ ಕ್ಯಾಮರಾನ್ ಸರ್ಕಾರ 2012ರಲ್ಲಿ ಇಂಗ್ಲೆಂಡಿಗೂ ಇದನ್ನು ತರುತ್ತೇನೆಂದು ಹೇಳಿ ಮರುವರ್ಷ ಕೈಬಿಟ್ಟಿತು. ವೇಲ್ಸ್ 2020ರಲ್ಲಿ, ಐರ್ಲೆಂಡ್ 2022ರಲ್ಲಿ ಜಾರಿಗೆ ತಂದವು. ಆಸ್ಟ್ರೇಲಿಯಾದ ನಾರ್ದರ್ನ್ ಟೆರಿಟರಿ 2018ರಲ್ಲಿ ತಂದು, ಸರ್ಕಾರ ಬದಲಾದ ಮೇಲೆ 2025ರಲ್ಲಿ ರದ್ದು ಮಾಡಿತು. ರಷ್ಯಾ 2010ರಲ್ಲಿ ಅರ್ಧ ಲೀಟರ್ ವೋಡ್ಕಾಗೆ 89 ರೂಬಲ್ ಎಂದು ಕನಿಷ್ಠ ದರ ಕಟ್ಟಿ, ಅದನ್ನು 220ರವರೆಗೂ ಏರಿಸಿ, 2015ರಲ್ಲಿ 185ಕ್ಕೆ ಇಳಿಸಿತು. ಜನರ ಜೇಬು ಬರಿದಾದಾಗ ಬೆಲೆ ಏರಿಸಿಯೇ ಇಟ್ಟರೆ ಕಳ್ಳಭಟ್ಟಿ ಏಳುತ್ತದೆ ಎಂಬ ಅಂಜಿಕೆ ಅಲ್ಲಿಯ ಇಳಿಕೆಯ ಹಿಂದಿತ್ತು.

ಕಳ್ಳಭಟ್ಟಿಯ ಮಾತು ಬಂದರೆ ಕರ್ನಾಟಕ ನೆನಪಾಗದೆ ಇರದು. 2007ರ ಜುಲೈ 1ರಿಂದ ಇಲ್ಲಿ ಸಾರಾಯಿ ನಿಷೇಧವಾಯಿತು. ಕೂಲಿಯವನ ಕೈಗೆಟುಕುತ್ತಿದ್ದ ಅತ್ಯಂತ ಅಗ್ಗದ ಮದ್ಯ ಒಂದೇ ದಿನದಲ್ಲಿ ಕಾನೂನಿನ ಹೊರಗೆ ಹೋಯಿತು. ಸ್ಕಾಟ್ಲೆಂಡ್ ಕೆಳಗಿನ ಕಪಾಟಿನ ಬೆಲೆ ಏರಿಸಿದರೆ ನಾವು ಆ ಕಪಾಟನ್ನೇ ಕಿತ್ತೆವು. ಒಂದು ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಗಡಿ ಭಾಗದಲ್ಲಿ ವಿಷಮದ್ಯ ಕುಡಿದು 150ಕ್ಕೂ ಹೆಚ್ಚು ಜನ ಸತ್ತರು. ಸ್ಕಾಟ್ಲೆಂಡಿನ ವರದಿಯಲ್ಲಿ ಇಂಥ ಅಧ್ಯಾಯವಿಲ್ಲ. ಅಲ್ಲಿ ಕಳ್ಳ ಮದ್ಯಕ್ಕೆ ಹೊರಳಿದವರು ಕಾಣಲಿಲ್ಲ. ಅವರ ಕಾನೂನನ್ನು ನಕಲು ಮಾಡಿ ಇಲ್ಲಿ ಅಂಟಿಸಬಹುದು ಎನ್ನುವವರು ಈ ವ್ಯತ್ಯಾಸಕ್ಕೆ ಮೊದಲು ಉತ್ತರ ಹೇಳಬೇಕು. ನಮ್ಮ 180 ಮಿಲಿಲೀಟರಿನ ಕ್ವಾರ್ಟರ್‌ನಲ್ಲಿ, ಶೇ 42.8ರ ಲೆಕ್ಕದಲ್ಲಿ, 7.7 ಬ್ರಿಟಿಷ್ ಯೂನಿಟ್ ಇದೆ. 65 ಪೆನ್ಸ್‌ನಂತೆ ಗುಣಿಸಿದರೆ ಐದು ಪೌಂಡು, ಐನೂರು ರೂಪಾಯಿಗೂ ಮೇಲೆ. ರಾಯಚೂರಿನ ಕೃಷಿ ಕೂಲಿಯವನಿಗೆ ಇಡೀ ದಿನದ ದುಡಿಮೆಗೆ ಅಷ್ಟು ಕೈಗೆ ಬಂದರೆ ಅದೇ ಹೆಚ್ಚು.

ಹಾಗೆಂದು ನಮ್ಮಲ್ಲಿ ಬೆಲೆ ಏರುತ್ತಿಲ್ಲ ಎಂದಲ್ಲ. 2023ರ ಜುಲೈ ಬಜೆಟ್‌ನಲ್ಲಿ ಮದ್ಯದ ಎಲ್ಲ 18 ಸ್ಲ್ಯಾಬ್‌ಗಳ ಮೇಲೂ ಹೆಚ್ಚುವರಿ ಅಬಕಾರಿ ಸುಂಕ ಶೇ 20ರಷ್ಟು ಏರಿತು. ಮರುವರ್ಷ ದುಬಾರಿ ಮದ್ಯದ ಸುಂಕ ಇಳಿಯಿತು, ಪಕ್ಕದ ರಾಜ್ಯಗಳಿಗಿಂತ ಇಲ್ಲಿ ತುಟ್ಟಿಯಾಗಿ ವ್ಯಾಪಾರ ಗಡಿ ದಾಟುತ್ತಿದೆ ಎಂಬ ಕಾರಣಕ್ಕೆ. ಆಮೇಲೆ ಅಗ್ಗದ ಸ್ಲ್ಯಾಬ್‌ಗಳು ಮತ್ತೆ ಏರಿದವು. 2025–26ರ ಬಜೆಟ್‌ನಲ್ಲಿ ಅಬಕಾರಿ ಇಲಾಖೆಗೆ ಕೊಟ್ಟ ಗುರಿ 40,000 ಕೋಟಿ ರೂಪಾಯಿ. ಆಗ ಸ್ಲ್ಯಾಬ್ ನಿಂತಿದ್ದದ್ದು ತಯಾರಕರು ಘೋಷಿಸಿದ ಬೆಲೆಯ ಮೇಲೆ, ಮದ್ಯಸಾರದ ಮೇಲಲ್ಲ. ಹಾಗಾಗಿ ಕ್ವಾರ್ಟರ್‌ನ ಅರ್ಧದಷ್ಟೂ ಮದ್ಯಸಾರವಿಲ್ಲದ ಸಾದಾ ಬಿಯರ್ ಬಾಟಲಿ, ಅಗ್ಗದ ಕ್ವಾರ್ಟರ್‌ಗಿಂತ ದುಬಾರಿಯಾಗಿತ್ತು. ಬೇಗ ಮತ್ತೇರಬೇಕು, ಕಡಿಮೆ ದುಡ್ಡಾಗಬೇಕು ಎನ್ನುವವನನ್ನು ನಮ್ಮ ದರಪಟ್ಟಿಯೇ ವಿಸ್ಕಿ, ಬ್ರಾಂದಿಯ ಕಡೆಗೆ ತಳ್ಳುತ್ತಿತ್ತು. ಯೂನಿಟ್ ಲೆಕ್ಕದಿಂದ ನಾವು ಕಲಿಯಬೇಕಾದದ್ದೇನಾದರೂ ಇದ್ದರೆ ಇದು: ಸುಂಕ ಹಾಕುವುದು ಹೇಗೂ ಹಾಕುತ್ತೀರಿ, ಬಾಟಲಿಯ ಬೆಲೆಗೆ ಹಾಕುವ ಬದಲು ಒಳಗಿನ ಮದ್ಯಸಾರಕ್ಕೆ ಹಾಕಿ.

ಒಂದು ವಿಷಯದಲ್ಲಿ ನಾವು ಸ್ಕಾಟರಿಗಿಂತ ಅನುಕೂಲದಲ್ಲಿದ್ದೇವೆ. ಇಲ್ಲಿ ಸಗಟು ಮಾರಾಟ ಸರ್ಕಾರದ್ದೇ ಆದ ಪಾನೀಯ ನಿಗಮದ ಕೈಯಲ್ಲಿದೆ, ಏರಿದ ಸುಂಕದ ಪ್ರತಿ ರೂಪಾಯಿಯೂ ಖಜಾನೆಗೆ ಬರುತ್ತದೆ. ಅಂಗಡಿಯವನು ಕೊಬ್ಬಿದ ಎಂದು ದೂರುವಂತಿಲ್ಲ. ಆ ರೂಪಾಯಿ ಅಲ್ಲಿಂದ ಮುಂದೆ ಎಲ್ಲಿಗೆ ಹೋಗುತ್ತದೆ ಎಂಬುದು ಬೇರೆ ಪ್ರಶ್ನೆ. ಹಳ್ಳಿಯಲ್ಲಿ ಮದ್ಯದಂಗಡಿ ಬೇಡವೆಂದು 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದ ಹೆಂಗಸರು ಅದನ್ನೇ ಕೇಳಿದ್ದರು. ಅವರಿಗೆ ಬೇಕಿದ್ದದ್ದು ಕನಿಷ್ಠ ಬೆಲೆಯಲ್ಲ, ಪೂರ್ತಿ ನಿಷೇಧ. 2008ನ್ನು ನೆನೆದರೆ ನಿಷೇಧಕ್ಕೆ ಹೂಂ ಎನ್ನಲು ನನಗೆ ಬಾಯಿ ಬಾರದು. ಆದರೆ 40,000 ಕೋಟಿಯಲ್ಲಿ ನೂರಕ್ಕೊಂದು ರೂಪಾಯಿಯನ್ನು ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಚಟ ಬಿಡಿಸುವ ನಾಲ್ಕು ಹಾಸಿಗೆಗೆ, ಒಬ್ಬ ಮನೋವೈದ್ಯರಿಗೆ ಎತ್ತಿಟ್ಟರೂ ವರ್ಷಕ್ಕೆ 400 ಕೋಟಿಯಾಗುತ್ತದೆ. ಅದಕ್ಕೆ ಹೊಸ ಕಾನೂನೂ ಬೇಡ, ಲಕ್ಸೆಂಬರ್ಗಿನ ಅಪ್ಪಣೆಯೂ ಬೇಡ. ಬಜೆಟ್ ಪುಸ್ತಕದಲ್ಲಿ ಒಂದು ಸಾಲು ಸಾಕು.